ಎರಡು ಸ್ಯಾಕ್ಸೋಫೋನ್, ಒಂದು ತಾಯ್ನುಡಿ

ಕಾಪುವಿನ ಮದುವೆ ಚಪ್ಪರದಲ್ಲಾಗಲಿ, ಕಾರ್ಕಳದ ತೇರಿನ ಮುಂದಾಗಲಿ, ಉಡುಪಿ ಸೀಮೆಯ ಯಾವುದಾದರೊಂದು ಗುತ್ತಿನ ಅಂಗಳದ ನೇಮದ ರಾತ್ರಿಯಲ್ಲಾಗಲಿ ಸ್ಯಾಕ್ಸೋಫೋನಿನ ದನಿ ಕೇಳಿಸಿದರೆ ಇಂದು ಯಾರೂ ಬೆರಗಾಗಿ ತಿರುಗಿ ನೋಡುವುದಿಲ್ಲ. ಡೋಲು ಬಡಿಯುವವರ ಪಕ್ಕದಲ್ಲಿ, ಹೊಳೆಯುವ ಆ ಬಾಗಿದ ಕೊಳವೆಯನ್ನು ಕೊರಳಿಗೆ ತೂಗುಹಾಕಿಕೊಂಡು ಒಬ್ಬರು ನಿಂತಿರುತ್ತಾರೆ. ಅವರು ವಾಲಗದವರು. ನಮ್ಮ ಮಕ್ಕಳು ಆ ವಾದ್ಯವನ್ನು ಹುಟ್ಟಿದಂದಿನಿಂದ ಕಂಡವರು. ಅದು ಹೊರದೇಶದ್ದೆಂದು ಹೇಳಿದರೆ ಅವರಿಗೆ ಆಶ್ಚರ್ಯವಾದೀತು.

ಆದರೆ ಅದರ ಜಾತಕ ಬೇರೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ಪ್ಯಾರಿಸ್ಸಿನಲ್ಲಿ ಕುಳಿತು ಅದನ್ನು ರೂಪಿಸಿ 1846ರಲ್ಲಿ ಹಕ್ಕುಪತ್ರ ಪಡೆದ. ಸೈನ್ಯದ ಬ್ಯಾಂಡುಗಳಲ್ಲಿ ಅದಕ್ಕೆ ಮೊದಲ ನೆಲೆ ಸಿಕ್ಕಿತು. ಮೈ ಲೋಹದ್ದಾದರೂ ಬಾಯಲ್ಲಿ ಕಂಪಿಸುವುದು ಜೊಂಡಿನ ಒಂದು ತುಂಡು. ಆದ್ದರಿಂದ ಶಾಸ್ತ್ರಪ್ರಕಾರ ಅದು ಕಹಳೆಯ ಬಳಗಕ್ಕಲ್ಲ, ಕೊಳಲು–ಕ್ಲಾರಿಯೊನೆಟ್‌ಗಳ ಬಳಗಕ್ಕೆ ಸೇರಿದ್ದು. ಮುಂದೆ ಅಮೆರಿಕದ ಕರಿಯ ಜನರು ಅದನ್ನು ಕೈಗೆತ್ತಿಕೊಂಡು ತಮ್ಮ ನೋವು ನಲಿವುಗಳ ಗಂಟಲನ್ನಾಗಿ ಮಾಡಿಕೊಂಡರು. ಇಪ್ಪತ್ತನೆಯ ಶತಮಾನದಲ್ಲಿ ಸ್ಯಾಕ್ಸೋಫೋನ್ ಎಂದರೆ ಜಾಝ್, ಜಾಝ್ ಎಂದರೆ ಸ್ಯಾಕ್ಸೋಫೋನ್ ಎನ್ನುವಷ್ಟು ಆ ನಂಟು ಗಟ್ಟಿಯಾಯಿತು.

ಈ ವಾದ್ಯದ ನೆಪದಲ್ಲಿ ಇಬ್ಬರು ಸಂಗೀತಗಾರರ ಕಥೆಯನ್ನು ಹೇಳಬೇಕಾಗಿದೆ. ಒಬ್ಬರು ನಮ್ಮ ಕರಾವಳಿಯವರು, ಎಲ್ಲರಿಗೂ ಗೊತ್ತಿರುವವರು. ಇನ್ನೊಬ್ಬರು ಕನ್ನಡದ ಮನೆತನದವರಾದರೂ ಕನ್ನಡನಾಡಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದವರು. ಜಾಝ್ ವಾದಕ, ರಚನಕಾರ ರುದ್ರೇಶ್ ಮಹಾಂತಪ್ಪ.

ಮೊದಲು ನಮ್ಮವರ ಮಾತು. ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನಿಗೆ ಮೊದಲು ಕಲಿಸಿದ್ದೂ ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಹುಡುಗನಿಗೆ ಅದರ ಹುಚ್ಚು ಹತ್ತಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ವರ್ಷಗಟ್ಟಲೆ ಸಾಧನೆ ಮಾಡಿ ಅವರು ಆ ವಾದ್ಯವನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದರು.

ಏರಿಸಿದರು ಎಂದು ಒಂದು ಮಾತಿನಲ್ಲಿ ಹೇಳಿಬಿಡುವುದು ಸುಲಭ. ಅಲ್ಲಿದ್ದ ತೊಡಕು ಏನೆಂದು ತಿಳಿದರೆ ಮಾತ್ರ ಆ ಸಾಧನೆಯ ತೂಕ ಗೊತ್ತಾಗುತ್ತದೆ. ನಾಗಸ್ವರದಲ್ಲಿ ವಾದಕನ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಮೆಲ್ಲಗೆ ಜಾರಿಸಬಹುದು. ಗಾಂಧಾರವು ಮಧ್ಯಮವನ್ನು ತಾಗಿ ಬರುವುದು, ಒಂದು ಸ್ವರ ಇನ್ನೊಂದರ ಮೈಮೇಲೆ ತೂಗುವುದು ಆ ಬೆರಳಿನ ತುದಿಯಲ್ಲಿ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ, ಮುಚ್ಚಳಗಳಿವೆ. ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ನಡುದಾರಿ ಸುಲಭಕ್ಕೆ ಸಿಕ್ಕುವುದಿಲ್ಲ. ಬಿಡಿ ಬಿಡಿ ಸ್ವರಗಳ ಸಂಗೀತಕ್ಕೆ ಹೇಳಿಸಿದ ವಾದ್ಯ ಅದು. ಗಮಕವೇ ಪ್ರಾಣವಾದ ತೋಡಿಯನ್ನೋ ಭೈರವಿಯನ್ನೋ ಅದರಲ್ಲಿ ನುಡಿಸಬೇಕಾದರೆ ಬೆರಳು ಮಾಡಲಾಗದ ಕೆಲಸವನ್ನು ತುಟಿ, ಗಂಟಲು, ಉಸಿರು ಮಾಡಬೇಕು. ಕದ್ರಿಯವರು ವಾದ್ಯದ ಕೀಲಿಗಳಲ್ಲೂ ಕೆಲವು ಮಾರ್ಪಾಡು ಮಾಡಿಕೊಂಡರು. ಆದರೆ ಮುಖ್ಯವಾದ ಮಾರ್ಪಾಡು ನಡೆದದ್ದು ಅವರ ಬಾಯಲ್ಲಿ. ತಂದೆಯ ನಾಗಸ್ವರ ಅವರ ಕಿವಿಯಲ್ಲಿ ಇಲ್ಲದೆ ಹೋಗಿದ್ದರೆ ಇದು ಆಗುತ್ತಿರಲಿಲ್ಲ ಎನ್ನಬೇಕು.

ಮುಂಬಯಿಯಲ್ಲಿ 1978ರಿಂದ ‘ಜಾಝ್ ಯಾತ್ರಾ’ ಎಂಬ ಉತ್ಸವ ನಡೆಯತೊಡಗಿತ್ತು. 1980ರ ಉತ್ಸವದಲ್ಲಿ ಕದ್ರಿಯವರ ವಾದನ ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರೊಡನೆ ಕೂಡಿ ನುಡಿಸಿದರು. ತಮ್ಮ ವಾದ್ಯದಲ್ಲಿ ಇಂಥ ದನಿಯೂ ಇದೆಯೇ ಎಂಬ ಕುತೂಹಲ ಹೊರಗಿನವರಿಗೆ ಹುಟ್ಟಿದ್ದು ಅಲ್ಲಿಂದ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಸಂಗೀತೋತ್ಸವದ ಕರೆ ಬಂತು. ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಿಂದ ಅವರ ವಾದನ ಮನೆಮಾತಾಯಿತು. 2004ರಲ್ಲಿ ಪದ್ಮಶ್ರೀ. ಇದೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿ. ಪತ್ರಿಕೆಗೆ ಬಾರದ ಒಂದು ಸಂಗತಿ ಅಮೆರಿಕದ ಒಂದು ಮನೆಯೊಳಗೆ ನಡೆಯಿತು.

ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಹುಟ್ಟಿದರು. ಬೆಳೆದದ್ದು ಅಮೆರಿಕದ ಕೊಲೊರಾಡೋ ರಾಜ್ಯದ ಬೋಲ್ಡರ್ ಪಟ್ಟಣದಲ್ಲಿ. ತಂದೆ ಕೆ.ಟಿ. ಮಹಾಂತಪ್ಪನವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹೆಸರು ಕೇಳಿದೊಡನೆ ಯಾವ ಕನ್ನಡಿಗನಾದರೂ ಇದು ನಮ್ಮ ಕಡೆಯ ಹೆಸರೆಂದು ಗುರುತಿಸಿಯಾನು. ಬೋಲ್ಡರಿನ ಶಾಲೆಯಲ್ಲಿ ಅದನ್ನು ಗುರುತಿಸುವವರು ಯಾರು? ಹುಡುಗ ಶಾಲೆಯಲ್ಲೇ ಸ್ಯಾಕ್ಸೋಫೋನ್ ಹಿಡಿದ. ಚಾರ್ಲಿ ಪಾರ್ಕರನ ಧ್ವನಿಮುದ್ರಣಗಳು ಅವನನ್ನು ಹಿಡಿದವು.

ಈ ಚಾರ್ಲಿ ಪಾರ್ಕರ್ (1920–1955) ಯಾರು, ಜಾಝ್ ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜಾಝ್ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಕರಿಯ ಜನರ ನಡುವೆ ರೂಪುಗೊಂಡ ಸಂಗೀತ. ಅದರಲ್ಲಿ ಮೊದಲು ಒಂದು ಪಲ್ಲವಿಯಂಥ ಧಾಟಿಯನ್ನು ಎಲ್ಲರೂ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಇಲ್ಲಿಯವರೆಗೆ ನಮ್ಮ ಕಛೇರಿಯ ಹಾಗೆಯೇ. ವ್ಯತ್ಯಾಸವಿರುವುದು ತಳದಲ್ಲಿ. ನಮ್ಮಲ್ಲಿ ತಂಬೂರಿಯ ಶ್ರುತಿ ಅಲುಗದೆ ನಿಂತಿರುತ್ತದೆ, ರಾಗ ಅದರ ಮೇಲೆ ಆಡುತ್ತದೆ. ಜಾಝ್‌ನಲ್ಲಿ ತಳವೇ ಚಲಿಸುತ್ತದೆ. ಪಿಯಾನೋ ಹಲವು ಸ್ವರಗಳ ಗೊಂಚಲುಗಳನ್ನು ಒಂದಾದ ಮೇಲೊಂದರಂತೆ ನುಡಿಸುತ್ತ ಹೋಗುತ್ತದೆ. ಹನ್ನೆರಡು ಅಥವಾ ಮೂವತ್ತೆರಡು ಪಾದಗಳ ಒಂದು ಸುತ್ತು ಮುಗಿದರೆ ಮತ್ತೆ ಮೊದಲಿಂದ. ತಾಳದ ಆವರ್ತದಂತೆ ಸ್ವರಗಳದ್ದೂ ಒಂದು ಆವರ್ತ. ಆ ಚಲಿಸುವ ನೆಲದ ಮೇಲೆ ಕಾಲು ತಪ್ಪದೆ ಓಡುವುದರಲ್ಲಿ ಪಾರ್ಕರನನ್ನು ಮೀರಿಸಿದವರಿರಲಿಲ್ಲ. ಮೂವತ್ತನಾಲ್ಕನೆಯ ವಯಸ್ಸಿಗೆ ಅವನು ತೀರಿಕೊಂಡ. ಅವನ ನಂತರ ಆಲ್ಟೋ ಸ್ಯಾಕ್ಸೋಫೋನ್ ಹಿಡಿದವರೆಲ್ಲರೂ ಅವನಂತೆ ನುಡಿಸಲು ಹೊರಟರು.

ತೊಂದರೆಯಿರುವುದು ಇಲ್ಲಿಯೇ. ಜಾಝ್ ಲೋಕದಲ್ಲಿ ಚೆನ್ನಾಗಿ ಅನುಕರಿಸುವವನಿಗೆ ಕೆಲಸ ಸಿಗಬಹುದು, ಮರ್ಯಾದೆ ಸಿಗುವುದಿಲ್ಲ. ಎರಡು ಸ್ವರ ಕೇಳುತ್ತಲೇ ಇದು ಇಂಥವರದೆಂದು ಗುರುತು ಸಿಗಬೇಕು. ಉಡುಪಿಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗದ್ದೆಯ ಆಚೆ ಎಲ್ಲೋ ಆಟದ ಮೈಕು ಕೇಳಿಸಿದರೆ ಭಾಗವತರು ಯಾರೆಂದು ಮಲಗಿದಲ್ಲಿಂದಲೇ ಹೇಳುವವರಿದ್ದಾರೆ. ಗುಂಡ್ಮಿಯ ಕಾಳಿಂಗ ನಾವಡರು (1958–1990) ಬದುಕಿದ್ದು ಮೂವತ್ತೆರಡೇ ವರ್ಷ. ಆದರೂ ಯಕ್ಷಗಾನದ ಪದ್ಯಕ್ಕೆ ಅವರು ಕೊಟ್ಟ ದನಿ ಇಂದಿಗೂ ‘ನಾವಡರ ಧಾಟಿ’ಯಾಗಿ ಉಳಿದಿದೆ. ಅದನ್ನು ಆಕ್ಷೇಪಿಸಿದವರೂ ಇದ್ದರು, ಹಚ್ಚಿಕೊಂಡವರು ಅದಕ್ಕಿಂತ ಹೆಚ್ಚು. ಹಿಂದಿನವರಿಂದ ಕಲಿಯದೆ ಅಂಥ ದನಿ ಬರುವುದಿಲ್ಲ, ಹಿಂದಿನವರಲ್ಲೇ ನಿಂತರೂ ಬರುವುದಿಲ್ಲ. ಪಾರ್ಕರನಲ್ಲಿ ಮುಳುಗಿದ್ದ ರುದ್ರೇಶ್ ಮಹಾಂತಪ್ಪನಿಗೂ ಇದೇ ಪ್ರಶ್ನೆ.

ಅವರಿಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇತ್ತು, ಅದು ನಾವಡರಿಗೆ ಇರದಿದ್ದದ್ದು. ಮೈಬಣ್ಣ ನೋಡಿದವರು, ಹೆಸರು ಓದಿದವರು, ಈತನಿಗೆ ಭಾರತೀಯ ಸಂಗೀತ ಗೊತ್ತಿದ್ದೇ ಇರುತ್ತದೆಂದು ತಿಳಿಯುತ್ತಿದ್ದರು. ಅಮೆರಿಕದ ಜಾಝ್‌ಗೆ ಭಾರತದ ಹುಚ್ಚು ಹಳೆಯದು. ಜಾನ್ ಕೋಲ್ಟ್ರೇನ್ (1926–1967) 1961ರಲ್ಲೇ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದ್ದ. ಪಂಡಿತ ರವಿಶಂಕರರ ಮೇಲಿನ ಗೌರವಕ್ಕೆ ಮಗನಿಗೆ ರವಿ ಎಂದೇ ಹೆಸರಿಟ್ಟ. ಕರಿಯನಾಗಿ ಹುಟ್ಟಿದ ಕೋಲ್ಟ್ರೇನ್ ಭಾರತದ ಕಡೆ ಕೈಚಾಚಿದರೆ ಅದು ಅನ್ವೇಷಣೆ. ಮಹಾಂತಪ್ಪ ಎಂಬ ಹೆಸರಿನವನು ಅದನ್ನೇ ಮಾಡಿದರೆ ಹುಟ್ಟಿನಿಂದ ಬಂದದ್ದು ಎನ್ನುತ್ತಾರೆ. ಮಾಡದಿದ್ದರೆ ಯಾಕೆ ಮಾಡುವುದಿಲ್ಲ ಎನ್ನುತ್ತಾರೆ. ಬೋಲ್ಡರಿನಲ್ಲಿ ಬೆಳೆದ ಹುಡುಗನಿಗೆ ಕಲ್ಯಾಣಿ, ಕಾಂಬೋಧಿಗಳನ್ನು ಯಾರೂ ತೊಟ್ಟಿಲಲ್ಲಿ ಕಲಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ನುಡಿಸುವ ಸುಲಭದ ದಾರಿ ಎದುರಿಗೇ ಇತ್ತು. ತಬಲಾ ಹಿನ್ನೆಲೆ, ಒಂದಿಷ್ಟು ಸಿತಾರ್, ಅಗರಬತ್ತಿ. ಸಭೆ ಚಪ್ಪಾಳೆ ತಟ್ಟುತ್ತದೆ. ಅವರು ಆ ದಾರಿ ಹಿಡಿಯದೆ ಬಹಳ ಕಾಲ ಭಾರತೀಯ ಸಂಗೀತದಿಂದ ದೂರವೇ ಉಳಿದರು.

ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಅವರಿಗೆ ಒಂದು ಧ್ವನಿಮುದ್ರಣವನ್ನು ಉಡುಗೊರೆ ಕೊಟ್ಟ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಕೊಟ್ಟದ್ದು ತಮಾಷೆಗಾಗಿ. ಸ್ಯಾಕ್ಸೋಫೋನಿನಲ್ಲಿ ಭಾರತೀಯ ಶೈಲಿ ಎಂದರೆ ನಗು ಬರುವಂಥದ್ದೇ ಇರಬೇಕೆಂದು ಅವನ ಲೆಕ್ಕ. ತಮ್ಮ ಅದನ್ನು ಹಾಕಿ ಕೇಳಿದ, ನಗು ನಿಂತಿತು. ಅದರಲ್ಲಿ ನುಡಿಸುತ್ತಿದ್ದವರು ಕದ್ರಿ ಗೋಪಾಲನಾಥ್.

ತಾನು ದಿನಕ್ಕೆ ಹತ್ತಾರು ಗಂಟೆ ಹೆಣಗುತ್ತಿದ್ದ ಅದೇ ಆಲ್ಟೋ ಸ್ಯಾಕ್ಸೋಫೋನ್. ಆದರೆ ಪಾರ್ಕರನ ಒಂದು ತುಣುಕೂ ಅದರಲ್ಲಿರಲಿಲ್ಲ. ಪಾರ್ಕರನಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದವನಿಗೆ, ಪಾರ್ಕರನನ್ನು ಬೇಕಾಗಿಯೇ ಇಲ್ಲದ ಒಬ್ಬ ಮಹಾವಾದಕ ಇದ್ದಾನೆ, ಅವನು ತನ್ನ ತಂದೆತಾಯಿಯ ನಾಡಿನವನು ಎಂದು ತಿಳಿಯಿತು. ಆದರೂ ಅವರು ಮರುದಿನವೇ ಮಂಗಳೂರಿಗೆ ಹೊರಟು ಬರಲಿಲ್ಲ, ಗಮಕಗಳನ್ನು ಕಾಪಿ ಹೊಡೆಯಲೂ ಇಲ್ಲ. ಕಿವಿಗೆ ಬಿದ್ದದ್ದನ್ನು ಬಹಳ ವರ್ಷ ಒಳಗೇ ಇಟ್ಟುಕೊಂಡರು. ಅವರ ವಿವೇಕ ಇಲ್ಲಿ ಕಾಣುತ್ತದೆ.

1990ರ ದಶಕದ ನಡುವಿನಲ್ಲಿ ಅವರಿಗೆ ಪಿಯಾನೋ ವಾದಕ ವಿಜಯ್ ಅಯ್ಯರ್ ಸಿಕ್ಕಿದರು. ತಮಿಳು ತಂದೆತಾಯಿಗಳ ಮಗ, ಅದೇ 1971ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವರು, ಗಣಿತ ಭೌತಶಾಸ್ತ್ರಗಳನ್ನು ಓದಿ ಸಂಗೀತಕ್ಕೆ ಬಂದವರು. ಇಬ್ಬರದೂ ಒಂದೇ ಇಕ್ಕಟ್ಟು. ಅವರ ಪೀಳಿಗೆಗೆ ಮುಂಚೆ ಅಮೆರಿಕದ ಜಾಝ್‌ನಲ್ಲಿ ಇಂಥ ಹೆಸರಿನವರು ವಿರಳ. ನೋಡಿ ಕಲಿಯಲು ಮುಂದಿನವರಿಲ್ಲ. ಇಬ್ಬರೂ ಸೇರಿ ನ್ಯೂಯಾರ್ಕಿನಲ್ಲಿ ವರ್ಷಗಟ್ಟಲೆ ನುಡಿಸಿದರು. ಪಿಯಾನೋ ಮತ್ತು ಸ್ಯಾಕ್ಸೋಫೋನ್ ಎರಡೇ ಇರುವ ‘ರಾ ಮೆಟೀರಿಯಲ್ಸ್’ ಎಂಬ ಮುದ್ರಣ 2006ರಲ್ಲಿ ಬಂತು. ಅದಕ್ಕೂ ಎರಡು ವರ್ಷ ಮೊದಲು, 2004ರಲ್ಲಿ, ಮಹಾಂತಪ್ಪನವರು ತಮ್ಮ ನಾಲ್ವರ ತಂಡದೊಂದಿಗೆ ‘ಮದರ್ ಟಂಗ್’ ಹೊರತಂದರು. ಪಿಯಾನೋದಲ್ಲಿ ವಿಜಯ್ ಅಯ್ಯರ್ ಅವರೇ. ಹೆಸರಿನ ಅರ್ಥ ತಾಯ್ನುಡಿ.

ಅದರ ಹುಟ್ಟಿಗೆ ಕಾರಣ ಒಂದು ಮೂರ್ಖ ಪ್ರಶ್ನೆ. ‘ನಿನಗೆ ಇಂಡಿಯನ್ ಮಾತಾಡಲು ಬರುತ್ತದೆಯೇ?’, ‘ಹಿಂದೂ ಮಾತಾಡಲು ಬರುತ್ತದೆಯೇ?’ ಎಂದು ಅಮೆರಿಕದಲ್ಲಿರುವ ಭಾರತೀಯರನ್ನು ಕೇಳುವವರಿದ್ದಾರೆ. ಸಿಟ್ಟುಮಾಡಿಕೊಳ್ಳಬಹುದಿತ್ತು, ನಕ್ಕು ಸುಮ್ಮನಾಗಬಹುದಿತ್ತು. ಮಹಾಂತಪ್ಪನವರು ಬೇರೊಂದು ಮಾಡಿದರು. ಬೇರೆ ಬೇರೆ ಭಾಷೆಯ ಭಾರತೀಯರ ಮುಂದೆ ಅದೇ ಪ್ರಶ್ನೆಯನ್ನಿಟ್ಟು, ಅವರವರ ಮಾತಿನಲ್ಲೇ ಉತ್ತರ ಹೇಳಿಸಿ ಮುದ್ರಿಸಿಕೊಂಡರು. ಇಂಡಿಯನ್ ಎಂಬ ಭಾಷೆ ಇಲ್ಲ, ತನ್ನ ಭಾಷೆ ಇಂಥದು ಎಂಬ ಉತ್ತರಗಳು. ಆಮೇಲೆ ಪದಗಳ ಅರ್ಥವನ್ನು ಬದಿಗಿಟ್ಟು, ಆ ಮಾತಿನಲ್ಲಿ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ನಿಂತಿತು, ಎಲ್ಲಿ ಓಡಿತು ಎಂಬುದನ್ನು ಸ್ವರಲಿಪಿಗೆ ಇಳಿಸಿದರು. ಆ ಏರಿಳಿತವೇ ಒಂದೊಂದು ರಚನೆಯ ಧಾಟಿಯಾಯಿತು. ರಚನೆಗಳ ಹೆಸರು ಆಯಾ ಭಾಷೆಯದೇ: ಕನ್ನಡ, ಕೊಂಕಣಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ. ಇಂಗ್ಲಿಷ್ ಕೂಡ ಒಂದಿದೆ, ಅದು ನ್ಯಾಯವೇ.

ಮಾತನ್ನು ಹೀಗೆ ಸ್ವರಕ್ಕೆ ಇಳಿಸುವ ಕೆಲಸವನ್ನು ಮೊದಲು ಮಾಡಿದವರು ಇವರಲ್ಲ. ಮೊರಾವಿಯಾದ ಲಿಯೋಶ್ ಯಾನಾಚೆಕ್ (1854–1928) ಎಂಬ ರಚನಕಾರ ಸಂತೆಯಲ್ಲಿ, ರಸ್ತೆಯಲ್ಲಿ ಜನ ಆಡುವ ಮಾತಿನ ರಾಗವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅಮೆರಿಕದ ಸ್ಟೀವ್ ರೈಖ್ 1988ರಲ್ಲಿ ‘ಡಿಫರೆಂಟ್ ಟ್ರೇನ್ಸ್’ ಎಂಬ ಕೃತಿಯಲ್ಲಿ ಮುದ್ರಿತ ಮಾತುಗಳಿಂದಲೇ ತಂತಿವಾದ್ಯಗಳ ಧಾಟಿ ಹೊರಡಿಸಿದ. ಆದರೆ ಮಾತಿನ ದನಿ ಹನ್ನೆರಡು ಸ್ವರಗಳ ಮೆಟ್ಟಿಲುಗಳ ಮೇಲೆ ನಡೆಯುವುದಿಲ್ಲ. ಜಾರುತ್ತದೆ, ತೊನೆಯುತ್ತದೆ, ಎರಡು ಮೆಟ್ಟಿಲುಗಳ ನಡುವೆ ನಿಲ್ಲುತ್ತದೆ. ಅದನ್ನು ಬರೆದುಕೊಳ್ಳುವವನು ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕ್ಷಣಕ್ಷಣಕ್ಕೂ ಆಯ್ದುಕೊಳ್ಳಬೇಕು. ಆ ಆಯ್ಕೆಯಲ್ಲಿಯೇ ಅವನ ಸ್ವಂತಿಕೆ ಇರುತ್ತದೆ. ಹತ್ತು ಜನರು ಒಂದೇ ವಾಕ್ಯವನ್ನು ಬರೆದುಕೊಂಡರೆ ಹತ್ತು ಧಾಟಿಗಳಾಗುತ್ತವೆ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಮಾತಿಗೆ ರಾಗವಿದೆ ಎಂಬುದಕ್ಕೆ ಇಲ್ಲಿಗಿಂತ ಒಳ್ಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು? ಕುಂದಾಪುರದಿಂದ ಬಂದವರು ‘ಎಂತ ಮಾರಾಯ್ರೆ, ಹ್ವಾಪ್ದಾ?’ ಎಂದರೆ ಮಾತಿನ ಬಾಲ ಒಂದು ಕಡೆ ಏರುತ್ತದೆ. ಮನೆಯಲ್ಲಿ ತುಳು ಆಡುವ ಕಾರ್ಕಳದವರ ಕನ್ನಡದಲ್ಲಿ ಅದೇ ಮಾತಿಗೆ ಬೇರೆ ತೂಗು. ರಥಬೀದಿಯಲ್ಲಿ ಕೊಂಕಣಿಯಲ್ಲಿ ಲೆಕ್ಕ ಹೇಳಿ ಗಿರಾಕಿಯತ್ತ ಕನ್ನಡಕ್ಕೆ ತಿರುಗುವವರ ದನಿ ಇನ್ನೊಂದು ಬಗೆ. ಮಣಿಪಾಲದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಅರ್ಧ ಭಾರತದ ರಾಗಗಳು ಕಿವಿಗೆ ಬೀಳುತ್ತವೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತು ನಡೆಯುತ್ತಿದ್ದರೆ, ಪದ ಒಂದೂ ತಿಳಿಯದಿದ್ದರೂ, ಒಳಗಿರುವವರು ಯಾವ ಊರಿನವರೆಂದು ಹೊರಗಿನವರಿಗೆ ಗೊತ್ತಾಗುತ್ತದೆ. ಭಾಷೆಯ ಅರ್ಥ ಸೋರಿಹೋದ ಮೇಲೂ ಉಳಿಯುವ ಈ ಅಂಶವನ್ನೇ ಮಹಾಂತಪ್ಪನವರು ಹಿಡಿದದ್ದು. ಕಡಲಾಚೆ ಹುಟ್ಟಿದ ಮಕ್ಕಳಿಗೆ ಅಜ್ಜಿಯ ಫೋನು ಮಾತಿನಲ್ಲಿ ಪದಗಳಿಗಿಂತ ಮೊದಲು ತಲುಪುವುದೂ ಇದೇ.

ಹೀಗೆ, ರಾಗಗಳನ್ನು ಎರವಲು ತರದೆ, ತಮಗೆ ನಿಜವಾಗಿ ಹಕ್ಕಿರುವ ಒಂದು ವಸ್ತುವಿನಿಂದ ಅವರು ತಮ್ಮ ಸಂಗೀತವನ್ನು ಕಟ್ಟಿಕೊಂಡರು. 2006ರ ‘ಕೋಡ್‌ಬುಕ್’ನಲ್ಲಿ ಗುಪ್ತಲಿಪಿ ಮತ್ತು ಸಂಖ್ಯೆಗಳ ಲೆಕ್ಕಾಚಾರದಿಂದ ರಚನೆಗಳನ್ನು ಮಾಡಿದರು, ಭೌತಶಾಸ್ತ್ರಜ್ಞನ ಮಗನಿಗೆ ಅದೂ ಮನೆಯ ಆಸ್ತಿಯೇ ಅಲ್ಲವೆ? ಕಾಲು ಊರಿದ ಮೇಲೆ ಅವರು ಕದ್ರಿಯವರ ಬಳಿಗೆ ಬಂದರು. 2007ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು. ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’, ಅಂದರೆ ಬಂಧುಗಳು, 2008ರಲ್ಲಿ ಹೊರಬಂತು. ತಂಡದ ಹೆಸರು ದಕ್ಷಿಣ ಎನ್ಸಾಂಬಲ್. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರಿನಲ್ಲಿ ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ. ಜೊತೆಗೆ ಜಾಝ್‌ನ ಬಾಸ್ ಮತ್ತು ಡ್ರಮ್.

ಪೂರ್ವ–ಪಶ್ಚಿಮಗಳ ಬೆಸುಗೆ ಎಂಬ ಹೆಸರಿನಲ್ಲಿ ಎಷ್ಟೋ ಕಾರ್ಯಕ್ರಮಗಳು ನಡೆಯುತ್ತವೆ. ಬಹುಪಾಲಿನಲ್ಲಿ ಇಬ್ಬರೂ ತಮ್ಮ ತಮ್ಮ ಪಾಡಿಗೆ ನುಡಿಸಿ, ಕೊನೆಯಲ್ಲಿ ವೇಗವಾಗಿ ಸವಾಲು–ಜವಾಬು ಮಾಡಿ ಕೈಮುಗಿಯುತ್ತಾರೆ. ಇದು ಹಾಗಲ್ಲ ಎಂಬುದು ಕೇಳಿದವರಿಗೆ ಗೊತ್ತಾಗುತ್ತದೆ. ತಳ ಚಲಿಸಬೇಕೆನ್ನುವ ಸಂಗೀತಕ್ಕೂ ತಳ ನಿಲ್ಲಬೇಕೆನ್ನುವ ಸಂಗೀತಕ್ಕೂ ಜಗಳ ಬಾರದಂತೆ ರಚನೆಗಳನ್ನು ಕಟ್ಟಿರುವುದರಲ್ಲಿ ರಚನಕಾರನ ಜಾಣ್ಮೆ ಕಾಣುತ್ತದೆ. ಪಿಯಾನೋವನ್ನು ಇಲ್ಲಿ ಕೈಬಿಟ್ಟಿದ್ದಾರೆ. ವಿಜಯ್ ಅಯ್ಯರ್ ಎಷ್ಟೇ ಆಪ್ತರಾದರೂ ಪಿಯಾನೋ ಗಮಕಕ್ಕೆ ಒದಗುವ ವಾದ್ಯವಲ್ಲವಷ್ಟೆ. ಎರಡೂ ಆಲ್ಟೋ ಸ್ಯಾಕ್ಸೋಫೋನುಗಳೇ ಆಗಿದ್ದರೂ ಯಾರು ಯಾವಾಗ ನುಡಿಸುತ್ತಿದ್ದಾರೆಂಬುದರಲ್ಲಿ ಗೊಂದಲವಿಲ್ಲ. ಕದ್ರಿಯವರದು ಸ್ವರದಿಂದ ಸ್ವರಕ್ಕೆ ಎಣ್ಣೆಯಂತೆ ಹರಿಯುವ ನಡೆ. ಉಸಿರು ತುಂಬಿದ, ನಾಗಸ್ವರದ ನೆನಪಿನ ದನಿ. ಮಹಾಂತಪ್ಪನವರದು ಮೊನಚು, ಅವಸರ, ಅಂಚುಗಳೆಲ್ಲ ಹರಿತ. ಅವರು ಗಮಕದ ಹತ್ತಿರ ಬರುತ್ತಾರೆ, ಆದರೆ ಅದನ್ನು ಕದ್ರಿಯವರಂತೆ ನುಡಿಸಲು ಹೋಗುವುದಿಲ್ಲ. ಇಪ್ಪತ್ತರ ಹರೆಯದಲ್ಲೇ ಇವರು ಓಡಿ ಬಂದು ಶಿಷ್ಯರಾಗಿದ್ದರೆ ನಮಗೆ ಇನ್ನೊಬ್ಬ ಒಳ್ಳೆಯ ಅನುಯಾಯಿ ಸಿಗುತ್ತಿದ್ದ, ‘ಕಿನ್ಸ್‌ಮೆನ್’ ಸಿಗುತ್ತಿರಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 2011ರಲ್ಲಿ ‘ಸಂಧಿ’, 2013ರಲ್ಲಿ ‘ಗಮಕ್’ ಎಂಬ ಮುದ್ರಣಗಳು ಬಂದವು. ಹೆಸರುಗಳೇ ಅವರ ದಾರಿಯನ್ನು ಹೇಳುತ್ತವೆ. 2015ರಲ್ಲಿ ‘ಬರ್ಡ್ ಕಾಲ್ಸ್’ ಮೂಲಕ ಅವರು ಬಾಲ್ಯದ ಪಾರ್ಕರನ ಬಳಿಗೇ ಮರಳಿದರು. ಪಾರ್ಕರನ ಅಡ್ಡಹೆಸರು ‘ಬರ್ಡ್’. ಅವನ ಧಾಟಿಗಳನ್ನು ಒಡೆದು ಹೊಸ ರಚನೆಗಳನ್ನು ಮಾಡಿದ ಆ ಮುದ್ರಣದಲ್ಲಿ ಅನುಕರಣೆಯ ಭಯ ಕಾಣುವುದಿಲ್ಲ. ಆ ಹೊತ್ತಿಗೆ ಸ್ವಂತ ದನಿ ಗಟ್ಟಿಯಾಗಿತ್ತು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ಶಿಕ್ಷಣದ ನಿರ್ದೇಶಕರಾದರು.

ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಕರಾವಳಿಯ ವಾಲಗದವರ ಮನೆಗಳಲ್ಲಿ ಹುಡುಗರು ಇಂದಿಗೂ ಸ್ಯಾಕ್ಸೋಫೋನ್ ಕಲಿಯುತ್ತಾರೆ. ತೇರಿಗೂ ನೇಮಕ್ಕೂ ಮದುವೆಗೂ ನುಡಿಸುತ್ತಾರೆ. ಮಹಾಂತಪ್ಪನವರ ತಾಯ್ನುಡಿಗಳ ಪಟ್ಟಿಯಲ್ಲಿ ಕನ್ನಡ, ಕೊಂಕಣಿಗಳಿದ್ದರೂ ತುಳು ಇಲ್ಲ. ಕದ್ರಿಯವರು ಹುಟ್ಟಿ ಬೆಳೆದ ಊರಿನ ಆಡುಮಾತು ಅದು. ಅದನ್ನು ನುಡಿಸುವವರು ಇಲ್ಲಿನ ಯಾವುದಾದರೊಂದು ಚಪ್ಪರದಿಂದಲೇ ಎದ್ದು ಬರಬೇಕಾದೀತು.